ಗೌನಿನ ಮೇಲೆ ಡಾಬು

ಬರ್ಮಿಂಗ್‌ಹ್ಯಾಮಿನ ಹಾರ್ಬೋರ್ನ್ ಬಡಾವಣೆಯ ಹೇಮಲತಾ ನನಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ಅವಳ ಗಂಡ ಚಿದಾನಂದ ಮತ್ತು ನಾನು ಒಂದೇ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರುಗಳು. ಅವರು ಡ್ಯೂಟಿ ರೋಟಾ ನೋಡಿಕೊಂಡು ಬದುಕುವ ಮೆತ್ತನೆ ಮನುಷ್ಯ. ಹೇಮಲತಾಳದ್ದು ಬೇರೆ ಲೆಕ್ಕ. ಹೊಸಬರು ಯಾರೇ ಸಿಗಲಿ, ಮೊದಲು ಪೋಸ್ಟ್‌ಕೋಡ್ ಕೇಳುತ್ತಾಳೆ. ಬಡಾವಣೆ ಎಂಥದ್ದೆಂದು ತಿಳಿದ ಮೇಲೆ ಎಷ್ಟು ನಗಬೇಕೆಂದು ನಿರ್ಧರಿಸುತ್ತಾಳೆ.

ಮಗಳು ಪ್ರತೀಕ್ಷಾಳನ್ನು ಚಿಕ್ಕವಳಿದ್ದಾಗ ಬ್ಯಾಲೆ ಕ್ಲಾಸಿಗೆ ಸೇರಿಸಿದವಳು ಇವಳೇ. ಪಕ್ಕದ ರಸ್ತೆಯ ಕನ್ಸಲ್ಟೆಂಟ್ ಡಾಕ್ಟರ ಮಗಳು ಹೋಗುತ್ತಿದ್ದಳು, ಅಷ್ಟೇ ಕಾರಣ. ಗುಲಾಬಿ ಲಂಗದ ಫೋಟೋಗಳು ಹುಬ್ಬಳ್ಳಿಯ ನೆಂಟರ ಮನೆಮನೆ ತಲುಪಿದವು. ಆದರೆ ಹುಡುಗಿಗೆ ಹನ್ನೊಂದು ತುಂಬಿದಾಗ ಅಲ್ಲಿಯ ಟೀಚರ್, ಇವಳಿಗೆ ನಿಜವಾಗಿ ಕಲೆಯಿದೆ, ಮುಂದೆ ಇದನ್ನೇ ಮಾಡಬಹುದು ಅಂದುಬಿಟ್ಟರು. ಮರುವಾರವೇ ಕ್ಲಾಸು ಬಂದ್. ಇಲ್ಲಿಯ ಕನ್ನಡ ಸಂಘದಲ್ಲಿ ಎಲ್ಲರ ಜೊತೆ ಬೆಂಗಳೂರು ಕನ್ನಡ ಆಡುವ ಹೇಮಲತಾಳಿಗೆ ಸಿಟ್ಟು ಬಂದರೆ ತವರಿನ ಮಾತು ಬರುತ್ತದೆ. "ಸ್ಟೇಜಿನ ಮ್ಯಾಲೆ ಕಾಲೆತ್ತಿ ಕುಣಿಯೋ ಮಂದಿ ನಮ್ಮ ಮನ್ಯಾಗ ಯಾರೂ ಇಲ್ಲ," ಅಂದಳು. ಆ ಸಂಜೆಗಳಿಗೆ ಕೆಮಿಸ್ಟ್ರಿ ಟ್ಯೂಷನ್ ಬಂತು.

ಹುಡುಗಿ ಕೊವೆಂಟ್ರಿಯಲ್ಲಿ ಒಂದು ವರ್ಷ ಎಂಜಿನಿಯರಿಂಗ್ ಓದಿದಳು, ಬಿಟ್ಟಳು, ಉಡುಪು ಕತ್ತರಿಸಿ ಹೊಲಿಯುವ ಕೋರ್ಸ್ ಮಾಡಿದಳು. ಈಗ ಬರ್ಮಿಂಗ್‌ಹ್ಯಾಮಿನ ಒಂದು ಬ್ಯಾಲೆ ತಂಡದಲ್ಲಿ ನರ್ತಕಿಯರ ಬಟ್ಟೆ ಹೊಲಿಯುತ್ತಾಳೆ. ಕುಣಿಯಲು ಬಿಡದಿದ್ದರೆ ಕುಣಿಯುವವರ ಪಕ್ಕದಲ್ಲಾದರೂ ನಿಲ್ಲುತ್ತೇನೆ ಎಂಬ ಹಟ. ತಾಯಿ ಮಾತ್ರ ಊರಿಗೆಲ್ಲ "ಟೆಕ್ಸ್‌ಟೈಲ್ ಕನ್ಸಲ್ಟೆಂಟ್" ಎಂದು ಹೇಳಿಕೊಂಡು ಬಂದಳು. ಯಾರಾದರೂ ಹಾಗೆಂದರೇನು ಎಂದು ಕೇಳಿದರೆ ಸಮೋಸಾ ತಟ್ಟೆ ಮುಂದೆ ಹಿಡಿಯುತ್ತಿದ್ದಳು.

ಹೋದ ವರ್ಷ ಡರ್ಬಿಯ ಎಂಜಿನಿಯರ್ ಅಭಯ್ ಜೊತೆ ಮದುವೆ ಗೊತ್ತಾಯಿತು. ಬೆಳಿಗ್ಗೆ ಧಾರೆಗೆ ರೇಷ್ಮೆ ಸೀರೆ, ಸಂಜೆ ರಿಸೆಪ್ಷನ್ನಿಗೆ ಗೌನ್. ಸಂಘದವಳೇ ಆದ ಸಾಲಿಹಲ್‌ನ ಸೌಮ್ಯಾಳ ಮನೆ ಮದುವೆಯಲ್ಲಿ ಗೌನ್ ಇತ್ತು, ಆದ್ದರಿಂದ ಇಲ್ಲೂ ಇರಬೇಕು. ಸೌಮ್ಯಾಳ ಗಂಡ ಸ್ವಂತ ಕ್ಲಿನಿಕ್ಕಿನ ದೊಡ್ಡ ಜಿಪಿ ಡಾಕ್ಟರ್. ಭೂಮಿಯ ಮೇಲೆ ಹೇಮಲತಾ ಹೆದರುವುದು ಅವಳೊಬ್ಬಳ ಅಭಿಪ್ರಾಯಕ್ಕೆ.

ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದರು. ಹೇಮಲತಾ ಆರಿಸಿದ್ದು ಬಿಳಿಯದು: ಮೈಗಂಟಿದ ರವಿಕೆ, ತೆರೆದ ಹೆಗಲು, ಪದರ ಪದರ ತೆಳು ನೆಟ್‌ನ ಗಂಟೆಯಾಕಾರದ ಲಂಗ, ತಲೆಗೆ ಹೂವಿನ ದಂಡೆ. "ರಾಣಿಯರು ಹಾಕೋದು," ಅಂದಳು.

ಪ್ರತೀಕ್ಷಾ ನಕ್ಕಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಇದು ಕುಣಿಯುವವರ ಬಟ್ಟೆಯಮ್ಮ, ಎಂದಳು. ಸಾವಿರದ ಎಂಟುನೂರ ಮೂವತ್ತರ ಸುಮಾರಿಗೆ ಬ್ಯಾಲೆ ನರ್ತಕಿಯರು ಬಿಳಿ ನೆಟ್ ಲಂಗ ತೊಟ್ಟು ಮಂಜಿನಂತೆ ತೇಲುತ್ತಿದ್ದರಂತೆ. ರಂಗಮಂದಿರದ ಬಾಕ್ಸಿನಲ್ಲಿ ಕುಳಿತು ನೋಡುತ್ತಿದ್ದ ದೊಡ್ಡ ಮನೆಯ ಹೆಂಗಸರು ಅಂಥವಳನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಆದರೆ ತಮ್ಮ ಬಾಲ್ ನೃತ್ಯಕೂಟಗಳಿಗೆ ಅದೇ ಬಿಳುಪು, ಅದೇ ನೆಟ್, ಅದೇ ಹೂದಂಡೆ ಬೇಕಾಯಿತು. ಇಲ್ಲೇ ಹತ್ತಿರದ ನಾಟಿಂಗ್‌ಹ್ಯಾಮಿನ ಯಂತ್ರಗಳು ನೆಟ್ಟನ್ನು ಅಗ್ಗ ಮಾಡಿದ್ದವು. ರಂಗದವರೂ ಆಗಿನ ಫ್ಯಾಷನ್ನಿಂದ ಎರವಲು ತಂದಿದ್ದರು, ಕೊಡುಕೊಳ್ಳುವಿಕೆ ಎರಡೂ ಕಡೆ ಇತ್ತು. ದೀಪದ ಕಿಡಿ ತಗಲಿ ನರ್ತಕಿಯರೂ ಸುಟ್ಟುಹೋದರು, ಶ್ರೀಮಂತ ಹೆಂಗಸರೂ ಸುಟ್ಟುಹೋದರು. ಬೆಂಕಿ ಯಾರ ಮನೆತನವನ್ನೂ ವಿಚಾರಿಸಲಿಲ್ಲ.

"ಇದನ್ನೆಲ್ಲ ರಿಸೆಪ್ಷನ್ನಲ್ಲಿ ಹೇಳ್ಬೇಡ," ಅಂದಳು ಹೇಮಲತಾ.

ಆಗ ಪ್ರತೀಕ್ಷಾ ತನ್ನದೊಂದೇ ಬೇಡಿಕೆ ಇಟ್ಟಳು. ನಮ್ಮ ರಿಸೆಪ್ಷನ್ನುಗಳಲ್ಲಿ ವಧೂವರರ ಪರಿಚಯ ಓದುವ ಪದ್ಧತಿಯಿದೆ, ಓದುವವಳು ಯಾವಾಗಲೂ ನಾನು. ಅದರಲ್ಲಿ ನನ್ನ ಕೆಲಸ ಏನಿದೆಯೋ ಅದನ್ನೇ ಹೇಳಿಸು, ನೀನು ಹಾಕು ಅಂದಿದ್ದನ್ನೆಲ್ಲ ಹಾಕುತ್ತೇನೆ, ಎಂದಳು. ಹೇಮಲತಾ ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ಕಾರ್ಡ್ ಕೊಟ್ಟು ಗೌನ್ ಕಟ್ಟಿಸಿಕೊಂಡಳು. ನನಗೆ ಮೈ ಉರಿಯಿತು.

ರಿಸೆಪ್ಷನ್ ದಿನ ಅಲಂಕಾರದ ಕೋಣೆಯಲ್ಲಿ ಹೇಮಲತಾ ಪೆಟ್ಟಿಗೆಯಿಂದ ಅಜ್ಜಿಯ ಚಿನ್ನದ ಡಾಬು ತೆಗೆದಳು. ಸೌಮ್ಯಾ ನೋಡಬೇಕಲ್ಲ! ಸೀರೆಯ ಮೇಲೆ ಕಟ್ಟುವ ಆ ಭಾರದ ಸೊಂಟಪಟ್ಟಿಯನ್ನು ಉಸಿರು ತಾಗಿದರೆ ಅಲುಗುವ ನೆಟ್ಟಿನ ಮೇಲೆ ಬಿಗಿದಳು. ಬೇಡಮ್ಮ, ಕೊಕ್ಕೆ ಸಿಕ್ಕಿಕೊಳ್ಳುತ್ತದೆ ಎಂದು ಮಗಳು ಹೇಳಿದಳು. ಹೇಳಿದ್ದು ಮುಗಿಯುವಷ್ಟರಲ್ಲಿ ಹೇಮಲತಾ ಡಾಬನ್ನು ನಡುವಿಗೆ ಸರಿಯಾಗಿ ತಿರುಗಿಸಹೋದಳು. ಸೊಂಟದಿಂದ ಮೊಳಕಾಲಿನವರೆಗೆ ಮೂರು ಪದರ ಪರ್ರನೆ ಹರಿಯಿತು.

ಹೇಮಲತಾ ಗೋಡೆಗೆ ಒರಗಿದಳು. "ಇನ್ನ ಹ್ಯಾಂಗ ಮುಖ ತೋರಸೂದು," ಅಂದಳು. ಮಗಳ ಮದುವೆಯ ದಿನವೂ ಅವಳಿಗೆ ಚಿಂತೆ ತನ್ನ ಮುಖದ್ದು.

ಪ್ರತೀಕ್ಷಾ ಕೈಚೀಲದಿಂದ ಸೂಜಿ ದಾರ ತೆಗೆದಳು. ನರ್ತಕಿ ರಂಗದ ಮೇಲೆ ಹೋಗುವ ಮುಂಚೆ, ತೊಟ್ಟ ಬಟ್ಟೆಯ ಮೇಲೇ ಹೊಲಿಗೆ ಹಾಕುವುದು ಅವಳ ದಿನನಿತ್ಯದ ಕೆಲಸ. "ಹೋಲ್ಡ್ ದಿಸ್," ಎಂದು ನೆಟ್ಟನ್ನು ತಾಯಿಯ ಕೈಗೆ ಕೊಟ್ಟಳು. ಆ ಹೆಂಗಸು ಕಾಂಜೀವರಂ ಉಟ್ಟುಕೊಂಡು ಮಗಳ ಮುಂದೆ ಮಂಡಿಯೂರಿ ಹಿಡಿದಳು. ಪ್ರತೀಕ್ಷಾ ಒಳಪದರವನ್ನು ಮೇಲಕ್ಕೆ ತಂದು, ಹರಿದದ್ದನ್ನು ನೆರಿಗೆಯೊಳಗೆ ಮಡಚಿ ಹೊಲಿದಳು. ಗುರುತೇ ಸಿಗಲಿಲ್ಲ. ಡಾಬು ಸೊಂಟದಲ್ಲೇ ಉಳಿಯಿತು.

ಈಗಲಾದರೂ ಬುದ್ಧಿ ಬಂದಿರಬೇಕು ಎಂದುಕೊಂಡು ನಾನು ಕೇಳಿದೆ: "ಪರಿಚಯದಲ್ಲಿ ಏನು ಓದಲಿ?"

"ಟೆಕ್ಸ್‌ಟೈಲ್ ಕನ್ಸಲ್ಟೆಂಟ್ ಅಂತ ಬರೆದಿರೋದನ್ನೇ ಓದು ವೇದಾ. ಸೌಮ್ಯಾ ಮುಂದಿನ ಟೇಬಲ್ಲಲ್ಲೇ ಇದ್ದಾಳೆ."

ಮಗಳ ಎದುರಿಗೇ ಅಂದಳು. ಸೂಜಿಯನ್ನು ಚೀಲಕ್ಕೆ ಹಾಕುತ್ತಿದ್ದ ಹುಡುಗಿ ತಲೆ ಎತ್ತಲಿಲ್ಲ. ನನಗೆ ಹೇಮಲತಾಳ ಮೇಲೆ ಅಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ.

ವೇದಿಕೆಗೆ ಹೋಗಿ ಅಭಯ್ ಪರಿಚಯ ಓದಿದೆ. ಆಮೇಲೆ, ವಧು ತನ್ನ ಪರಿಚಯ ತಾನೇ ಮಾಡಿಕೊಳ್ಳುತ್ತಾಳೆ ಎಂದು ಮೈಕು ಕೊಟ್ಟೆ. ಪ್ರತೀಕ್ಷಾ ನನ್ನನ್ನು ನೋಡಿದಳು. ಆಮೇಲೆ ಕನ್ನಡದಲ್ಲಿ, ಒಂದೊಂದೇ ಪದ ಹುಡುಕಿಕೊಂಡು ಹೇಳಿದಳು.

"ನಾನು ಬ್ಯಾಲೆ ಡಾನ್ಸರ್ಸ್‌ಗೆ ಬಟ್ಟೆ ಹೊಲೀತೀನಿ. ಇದೂ ಡಾನ್ಸರ್ ಬಟ್ಟೆನೇ. ಈಗ ಹರಿದಿತ್ತು. ನಾನೇ ಹೊಲಿದೆ."

ಸೌಮ್ಯಾ ಎದ್ದು ವೇದಿಕೆಯ ಬಳಿ ಬಂದಳು, ಲಂಗವನ್ನು ಮುಟ್ಟಿ ನೋಡಿದಳು. "ಎಲ್ಲಿ ಹರಿದಿತ್ತು? ಕಾಣೋದೇ ಇಲ್ಲ. ನಮ್ಮ ಮಗಳು ಅಮೂಲ್ಯಾಗೆ ಸ್ಕೂಲಿನ ಪ್ರಾಮ್ ಪಾರ್ಟಿಗೆ ಇಂಥದ್ದೇ ಹೊಲಿದುಕೊಡ್ತೀಯಾ?"

ಹೇಮಲತಾ ಎಲ್ಲಿದ್ದಳೋ, ಆ ಕ್ಷಣಕ್ಕೆ ಮಗಳ ಹೆಗಲ ಪಕ್ಕ ಹಾಜರ್.

"ಅವಳಿಗೆ ಟೈಮೇ ಇರಲ್ಲ ಸೌಮ್ಯಾ, ಅಷ್ಟು ಡಿಮಾಂಡು. ಆದ್ರೂ ನಾನು ಹೇಳ್ತೀನಿ," ಎಂದು ಕತ್ತು ನೀಡಿದಳು. "ಚಿಕ್ಕಂದಿನಿಂದ ಬ್ಯಾಲೆ ಅಂದ್ರೆ ಪ್ರಾಣ ಇವಳಿಗೆ. ಕ್ಲಾಸಿಗೆ ಸೇರಿಸಿದ್ದೇ ನಾನು."

ಪ್ರತೀಕ್ಷಾ ಸೊಂಟದ ಡಾಬು ಬಿಚ್ಚಿ ತಾಯಿಯ ಕೈಗಿಟ್ಟಳು. ಮೈಕು ಇನ್ನೂ ಅವಳ ಕೈಯಲ್ಲೇ ಇತ್ತು.

"ಕ್ಲಾಸು ಬಿಡಿಸಿದ್ದು ಯಾರಮ್ಮ?"