ಔರಾದದ ಪದ್ಮಿನಿ, ಎರಡು ಬೆರಳು ಆಟ

ಭಾನುವಾರ ಬೆಳಿಗ್ಗೆ ಏಳೂಕಾಲಿಗೆ ಬೀದರ ನಿಲ್ದಾಣದಿಂದ ಔರಾದದ ಬಸ್ಸು ಹೊರಟಿತು. ನನ್ನ ಚೀಲದಲ್ಲಿ ನಟ್ಟು ಬೋಲ್ಟು ಬಿಚ್ಚುವ ಒಂದು ಪಾನಾ ಸೆಟ್ಟು ಇತ್ತು, ಅದನ್ನು ಬಳಸಲು ನನಗೆ ಬರುವುದಿಲ್ಲ. ಎರಡು ಲೀಟರ್ ನೀರು, ಗಾಡಿ ಎಳೆಯಲು ಹಗ್ಗ, ಬಿ.ಪಿ. ಗುಳಿಗೆ ಇದ್ದವು. ಎಲ್ಲಕ್ಕಿಂತ ಮೇಲೆ, ಹಿಂದಿನ ದಿನ ಫೋನಿನಲ್ಲಿ ಹುಡುಕಿ ಹುಡುಕಿ ಬರೆದುಕೊಂಡ ಒಂದು ಪಟ್ಟಿ ಇತ್ತು: ಡೀಲಕ್ಸ್ ಪದ್ಮಿನಿ ಕಾರಿನಲ್ಲಿ ಏನೇನಿರಬೇಕು ಎಂಬ ಪಟ್ಟಿ.

ನಾನು ಅಪ್ಪನ ಕಾರನ್ನು ಮರಳಿ ತರಲು ಹೊರಟಿದ್ದೆ. ಅಪ್ಪ ಗಾಂಧಿ ಗಂಜದಲ್ಲಿ ಬೇಳೆಕಾಳಿನ ದಲಾಲರಾಗಿದ್ದರು. ಕಣ್ಣು ಮಂಜಾದ ಮೇಲೆ ಗಾಡಿಯನ್ನು ಔರಾದದ ವೈಜಿನಾಥಪ್ಪ ಎಂಬ ಕಂಪೌಂಡರಿಗೆ ಮಾರಿದರು. ಅದಾಗಿ ಇಪ್ಪತ್ತು ವರ್ಷ ದಾಟಿದೆ. ಅಪ್ಪ ತೀರಿಕೊಂಡು ಹನ್ನೆರಡಾಯಿತು. ಹೋದ ವಾರ ವೈಜಿನಾಥಪ್ಪನವರೇ ಭಾಲ್ಕಿಯಲ್ಲಿರುವ ನನ್ನ ಅಕ್ಕ ಸುಶೀಲಕ್ಕನಿಗೆ ಫೋನು ಮಾಡಿ, ಮೊಣಕಾಲು ಕ್ಲಚ್ ಒತ್ತಲು ಒಪ್ಪುತ್ತಿಲ್ಲ, ಸೋಮವಾರ ಉದಗೀರದ ಗುಜರಿಯವನು ಬರುತ್ತಾನೆ, ನಿಮಗೆ ಬೇಕಿದ್ದರೆ ಅದಕ್ಕೂ ಮೊದಲೇ ಒಯ್ಯಿರಿ ಎಂದಿದ್ದರು. ಅಕ್ಕ ಒಂದು ಕ್ಷಣವೂ ಯೋಚಿಸಲಿಲ್ಲ. ಅವಳು ಗಾಡಿ ಕಲಿತದ್ದು ಅದರಲ್ಲೇ. ಕಮಠಾಣದ ಕಡೆಯ ಖಾಲಿ ರಸ್ತೆಯಲ್ಲಿ ಅಪ್ಪ ಅವಳಿಗೆ ಕಲಿಸುವಾಗ ನಾನು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದೆ.

"ಮನ್ಯಾಗ ಬೀಗರು ಬಂದಾರ, ನಾ ಬರ್ಲಾಕ ಆಗಂಗಿಲ್ಲ. ನೀನೇ ಹೋಗಿ ಇಲ್ಲಿಗಿ ತಗೊಂಡ ಬಾ ಚನ್ನು," ಎಂದಳು. "ಲೈಸೆನ್ಸ್ ಅದ ಅಲ್ಲ ನಿನ್ನ ಬಲ್ಲಿ? ಅದು ಬರೇ ಪಾಕೀಟಿನ್ಯಾಗ ಇಡ್ಲಾಕ ಕೊಟ್ಟಿದ್ದಲ್ಲ."

ಬಸ್ಸಿನ ತುಂಬ ಹೆಣ್ಣುಮಕ್ಕಳು. ಟಿಕೀಟಿಗೆ ದುಡ್ಡು ಕೊಟ್ಟವರು ನಾವು ನಾಲ್ಕೈದು ಮಂದಿ ಗಂಡಸರಷ್ಟೇ. ನಾನು ಚಿಲ್ಲರೆಗಾಗಿ ತಡಕಾಡುವುದನ್ನು ನೋಡಿ, ಪಕ್ಕದಲ್ಲಿ ಗಂಟು ಇಟ್ಟುಕೊಂಡು ಕೂತಿದ್ದ ಸಂತಪುರದ ಮುದುಕಿ, "ಕೊಡಪಾ, ಕೊಡು. ಇಷ್ಟ್ ವರ್ಷ ನಾವ್ ಕೊಟ್ಟೇವಿ," ಎಂದು ನಕ್ಕಳು. ಊರು ಮುಗಿದು ಕೆಂಪು ನೆಲ ಇಳಿಯುತ್ತ ಹೋಗಿ ಕರಿ ನೆಲವಾಯಿತು. ಡಿಸೆಂಬರಿನ ಚಳಿಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಕೌಠಾದ ಸೇತುವೆಯ ಮೇಲೆ ಮಾತ್ರ ಯಾರೋ ಒಂದು ಕಿಟಕಿ ಸರಿಸಿ ಮಾಂಜ್ರಾ ನದಿಗೆ ಕೈ ಮುಗಿದರು. ಇಕ್ಕೆಲದಲ್ಲೂ ತೊಗರಿ ಕೊಯ್ಲಿಗೆ ಬಂದಿತ್ತು.

ಆ ಕಾರಿನಲ್ಲಿ ನನ್ನ ಮೊದಲ ಪ್ರಯಾಣ ನೆನಪಾಯಿತು. ನನಗೆ ಎಂಟು ವರ್ಷ. ಅಪ್ಪ ಹೈದರಾಬಾದಿನ ಒಬ್ಬ ಡಾಕ್ಟರರಿಂದ ಅದನ್ನು ಹಳೆಯದಾಗಿಯೇ ಕೊಂಡು ತಂದಿದ್ದರು. ತಿಳಿ ಹಸಿರು ಬಣ್ಣ, ಗೇರಿನ ಕೋಲು ಸ್ಟೀರಿಂಗಿನ ಪಕ್ಕದಲ್ಲೇ. ಎಲ್ಲರೂ ಹತ್ತಿ ಭಾಲ್ಕಿಗೆ ಹೊರಟೆವು. ನಾನು ಮುಂದಿನ ಸೀಟಿನಲ್ಲಿ ಅವ್ವನ ತೊಡೆಯ ಮೇಲೆ ಕೂತು ಅಪ್ಪನ ಕೈ ನೋಡುತ್ತಿದ್ದೆ. ಸ್ಟೀರಿಂಗು ಅತ್ತ ಇತ್ತ ತಿರುಗುತ್ತಲೇ ಇತ್ತು, ಗಾಡಿ ಮಾತ್ರ ನೆಟ್ಟಗೆ ಹೋಗುತ್ತಿತ್ತು! ಚಕ್ರಕ್ಕೂ ಅಪ್ಪನಿಗೂ ಸಂಬಂಧ ಕಡಿದುಹೋಗಿದೆ ಎಂದು ನನಗೆ ಖಾತ್ರಿಯಾಗಿ, ಇಳಿಸಿರೆಂದು ರಂಪ ಮಾಡಿದೆ.

ಅಪ್ಪ ಗಾಡಿ ಬದಿಗೆ ನಿಲ್ಲಿಸಿದರು. "ಅಳಬ್ಯಾಡೋ. ಸಾದಾ ಗಾಡ್ಯಾಗ ಹಿಂಗ ಇರಂಗಿಲ್ಲ. ಇದು ಡೀಲಕ್ಸ್. ನಡೆಸಾವಗ ಕೈ ನೋಯಬಾರ್ದಂತ ಕಂಪನಿಯವರೇ ಸ್ಟೀರಿಂಗಿಗಿ ಎರಡು ಬೆರಳು ಆಟ ಬಿಟ್ಟಿರ್ತಾರ, ಅಷ್ಟು ಖಾಲಿ ತಿರುಗ್ತದ," ಎಂದರು. ನಾನು ಕಣ್ಣೊರೆಸಿಕೊಂಡೆ. ಅಂದಿನಿಂದ ನೆಟ್ಟಗಿನ ಸ್ಟೀರಿಂಗಿನ ಗಾಡಿಯವರನ್ನು ಕಂಡರೆ ನನಗೆ ಪಾಪ ಅನಿಸುತ್ತಿತ್ತು.

ಮುಂದೊಮ್ಮೆ ಗಾಡಿಯ ಆರ್.ಸಿ. ಪುಸ್ತಕ ನನ್ನ ಕೈಗೆ ಸಿಕ್ಕಿತು. ಮಾಡೆಲಿನ ಮುಂದೆ 'ಎಸ್.ಟಿ.ಡಿ.' ಎಂದಿತ್ತು. ಹಾಗಂದರೇನು ಎಂದು ಕೇಳಿದೆ. ಅಪ್ಪ ಅರೆಕ್ಷಣ ಮೇಲೆ ನೋಡಿ, "ಸ್ಪೆಷಲ್ ಟೂರಿಂಗ್ ಡೀಲಕ್ಸ್," ಎಂದರು. ಮುಂದೆ ಊರ ತುಂಬ ಎಸ್.ಟಿ.ಡಿ. ಎಂದು ಹಳದಿ ಫಲಕ ಹಾಕಿಕೊಂಡ ಫೋನ್ ಬೂತುಗಳು ಬಂದವು. ಆಗಲೂ ನನಗೆ ಸಂಶಯ ಬರಲಿಲ್ಲ. ದೂರದ ಊರಿನ ವ್ಯವಹಾರವಲ್ಲವೇ, ಅದೂ ಒಂದು ಬಗೆಯ ಟೂರಿಂಗೇ ಇರಬೇಕು ಎಂದುಕೊಂಡೆ.

ಒಂಬತ್ತಕ್ಕೆ ಔರಾದ ಮುಟ್ಟಿದೆ. ನಿಲ್ದಾಣದ ಎದುರು ಒಂದು ಪ್ಲೇಟು ಸುಸಲಾ, ಎರಡು ಮಿರ್ಚಿ ತಿಂದು ವೈಜಿನಾಥಪ್ಪನವರ ಮನೆ ಕೇಳಿಕೊಂಡು ಹೋದೆ. ಮನೆಯ ಬದಿಯ ತಗಡಿನ ಕೆಳಗೆ ಪದ್ಮಿನಿ ನಿಂತಿತ್ತು. ನಾನು ಅಂದುಕೊಂಡದ್ದಕ್ಕಿಂತ ಸಣ್ಣದಿತ್ತು. ಬಣ್ಣ ಅಲ್ಲಲ್ಲಿ ಹೋಗಿತ್ತು, ಆದರೆ ಗಾಜು ಒರೆಸಿ ಒರೆಸಿ ಹೊಳೆಯುತ್ತಿತ್ತು. ವೈಜಿನಾಥಪ್ಪ ಬಿಳಿ ಟೊಪ್ಪಿಗೆ ಸರಿಮಾಡಿಕೊಳ್ಳುತ್ತ, ಒಂದು ಕಾಲು ಎಳೆಯುತ್ತ ಬಂದು, "ಬರ್ರಿ, ನಿಮ್ಮ ಗಾಡಿ ನಿಮ್ಮ ಹಾದಿನೇ ನೋಡ್ಲಾಕತ್ತದ," ಎಂದರು.

ನಾನು ಭಾವುಕನಾಗಬೇಕಿತ್ತು. ಆದರೆ ಪಟ್ಟಿ ತೆಗೆದೆ.

ಬಾಗಿಲಿನ ಉದ್ದಕ್ಕೂ ಇರಬೇಕಾದ ಬೆಳ್ಳಿ ಬಣ್ಣದ ಪಟ್ಟಿ ಇರಲಿಲ್ಲ. ಗಡಿಯಾರ ಇರಲಿಲ್ಲ. ಹಿಂದಿನ ಸೀಟಿನ ನಡುವೆ ಕೈ ಊರುವ ದಿಂಬು ಇರಲಿಲ್ಲ. ಅಪ್ಪನ ಕಾಲದಲ್ಲಿ ಒಳಗೆಲ್ಲ ಮಖಮಲ್ಲಿನ ಬಟ್ಟೆ ಹೊದಿಸಿರುತ್ತಿದ್ದರಿಂದ ಏನಿತ್ತು ಏನಿರಲಿಲ್ಲ ಎಂಬುದು ನನಗೆ ನೆನಪಿರಲಿಲ್ಲ. ಆದರೆ ಡೀಲಕ್ಸ್ ಅಂದಮೇಲೆ ಇದ್ದೇ ಇರಬೇಕು. ಮೂರು ಕಡೆ ಪೆನ್ನಿನಿಂದ ಗೀಟು ಎಳೆದು, ಗಂಟಲು ಸರಿಮಾಡಿಕೊಂಡು ಹೇಳಿದೆ: "ಕಾಕಾ, ಸಿಟ್ಟಾಗಬ್ಯಾಡ್ರಿ. ಗಾಡ್ಯಾಗಿನ ಸಾಮಾನ ಏನೇನೋ ಬಿಚ್ಚಿದಂಗ ಅದ. ನಮ್ಮದು ಡೀಲಕ್ಸ್ ಇತ್ತು."

"ಯಾವ ಡೀಲಕ್ಸ್?"

"ಆರ್.ಸಿ.ಯಾಗೇ ಬರ್ದದ, ನೋಡ್ರಿ. ಎಸ್.ಟಿ.ಡಿ. ಅಂದ್ರ ಸ್ಪೆಷಲ್ ಟೂರಿಂಗ್ ಡೀಲಕ್ಸ್."

ಅವರು ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು: "ನೀಲಾ, ಹೊರಗ ಬಾ. ಇಲ್ಲೊಬ್ರು ಸಾಲಿ ಕಲ್ತವರು ಬಂದಾರ." ನೀಲಮ್ಮ ಚಹಾದ ಕಪ್ಪು ಹಿಡಿದು ಬಂದರು. ಅವರ ಎದುರಿಗೇ ವೈಜಿನಾಥಪ್ಪ ಒಂದೊಂದೇ ಮಾತು ತೂಗಿ ಹೇಳಿದರು: "ಎಸ್.ಟಿ.ಡಿ. ಅಂದ್ರ ಸ್ಟ್ಯಾಂಡರ್ಡ್‌ರಿ. ಸಾದಾ. ಎಲ್ಲಕ್ಕೂ ಕಡಿಮಿ ಮಾಡೆಲ್. ಇಪ್ಪತ್ತು ವರ್ಷ ಈ ಗಾಡೀದು ಒಂದು ಬೋಲ್ಟ್ ಹೊರಗ ಹೋಗಿಲ್ಲ. ನೀವ್ ಈಗ ನನ್ನ ಅಂಗಳದಾಗ ನಿಂತು ನನಗ ಕಳ್ಳ ಅಂದ್ರಿ."

"ಹಂಗಲ್ಲ ಕಾಕಾ, ಜರಾ ಶಕ್ ಬಂತು, ಸಂಶೆ ಅಷ್ಟೇ..."

"ಶಕ್ ಇದ್ದಲ್ಲಿ ಸೌದಾ-ವ್ಯವಹಾರ ಯಾಕ? ಉದಗೀರದಾವ ನಾಳಿಗಿ ಬರ್ತಾನ. ಅವ ಕಟ್ ಮಾಡಿ ಒಯ್ತಾನ, ಆದ್ರ ಇಂಥ ಮಾತ್ ಆಡಂಗಿಲ್ಲ." ಕೀಲಿಯನ್ನು ಅಂಗಿಯ ಕಿಸೆಗೆ ಹಾಕಿಕೊಂಡರು.

ನಾನು ಕೈ ಮುಗಿದೆ. ಅವರು ಬೇವಿನ ಗಿಡದ ಕಡೆ ನೋಡುತ್ತ ಕೂತರು. ನನ್ನ ಜೀವಮಾನದ ಚಿಂತೆಗಳೆಲ್ಲ ಆಗದೇ ಇರುವ ಅನಾಹುತಗಳ ಬಗ್ಗೆ. ಈಗ ಒಂದು ನಿಜವಾಗಿಯೂ ಆಗಿತ್ತು, ಅದನ್ನು ಮಾಡಿದವನೂ ನಾನೇ. ನಾಳೆ ಗಾಡಿ ತುಂಡಾಗುತ್ತದೆ, ಅಕ್ಕನಿಗೆ ಏನು ಹೇಳಲಿ? ನೀಲಮ್ಮನೇ ಹಾದಿ ತೋರಿದರು: "ಅಕ್ಕನ್ನ ಕೇಳಪಾ. ಆಕಿಗಿ ಗೊತ್ತಿರಬೇಕು." ಫೋನು ಹಚ್ಚಿ, ಎಲ್ಲರಿಗೂ ಕೇಳಿಸುವಂತೆ ಸ್ಪೀಕರಿಗೆ ಹಾಕಿ, ನಡೆದದ್ದನ್ನು ಹೇಳಿದೆ.

ಅಕ್ಕ ಮೊದಲು ಬಿದ್ದು ಬಿದ್ದು ನಕ್ಕಳು. "ಅಯ್ಯೋ ಹುಚ್ಚಪ್ಪಾ, ಇನ್ನೂ ನಂಬಿದ್ದೇನ್ ಅದನ್ನ? ಮೀಸಿ ಬೆಳ್ಳಗಾದವಲ್ಲೋ!"

"ನಿನಗ ಗೊತ್ತಿತ್ತೇನ್?"

"ನನಗ ಗಾಡಿ ಕಲಿಸೋ ಮುಂದ, ನೀ ಇಲ್ಲದಾಗ, ಅಪ್ಪ ಮೊದಲು ಹೇಳಿದ್ದೇ ಅದು. ಗಾಡಿ ಸಾದಾ ಅದ, ಸ್ಟೀರಿಂಗ್ ಸವದದ, ಎರಡು ಬೆರಳು ಖಾಲಿ ತಿರುಗ್ತದ, ತಿರುವಿಗಿಂತ ಮೊದಲೇ ತಿರುವಬೇಕು ಅಂತ."

"ಮತ್ತ ನನಗ ಯಾಕ ಸುಳ್ಳ ಹೇಳಿದ್ರು?"

ಅವಳ ನಗು ನಿಂತಿತು. "ನೀ ಗಾಡಿ ಹತ್ತಂಗಿಲ್ಲ ಅಂತ ಹಟಾ ಮಾಡಿದ್ದಿ ಚನ್ನು. ನೀ ಹತ್ತದಿದ್ರ ಅವ್ವ ಹತ್ತಾಕಿ ಅಲ್ಲ. ಆ ಗಾಡಿ ಇಟ್ಕೊಂಡು ಅಪ್ಪ ಒಬ್ರೇ ಎಲ್ಲಿಗಿ ಹೋಗ್ತಿದ್ರು? ಸವದ ಸಾಮಾನ ಬದ್ಲಿಸ್ಲಾಕ ಎರಡ್ ಸಲ ಹೈದರಾಬಾದಿಗಿ ಹೋಗಿ ಬಂದ್ರು, ಸರಿ ಆಗ್ಲಿಲ್ಲ. ಯಾರ್ ಮುಂದನೂ ಅದನ್ನ ಡೀಲಕ್ಸ್ ಅಂದವರಲ್ಲ ಅವರು. ನಿನ್ನ ಮುಂದ ಅಷ್ಟೇ."

ವೈಜಿನಾಥಪ್ಪ ಕೈ ಚಾಚಿ ಫೋನು ತಗೊಂಡರು. "ಖರೇ ಅದವಾ," ಎಂದರು ಅಕ್ಕನಿಗೆ. "ನನಗ ಕೊಡೋ ಮುಂದನೂ ಹಂಗೇ ಹೇಳಿದ್ರು. ಸಾದಾ ಅದ ವೈಜಿನಾಥ, ಎರಡು ಬೆರಳು ಆಟ ಅದ, ಗೊತ್ತಿದ್ದೇ ತಗೋ ಅಂತ." ಆಮೇಲೆ ನನ್ನ ಕಡೆ ತಿರುಗಿದರು. ಸಿಟ್ಟು ಪೂರ್ತಿ ಇಳಿದಿರಲಿಲ್ಲ. "ನಿಮ್ಮಪ್ಪ ಹೇಳಿದ ಒಂದು ಸುಳ್ಳಿನ ಸಲುವಾಗಿ ನಾ ಕಳ್ಳ ಆಗಬೇಕಾತು ನೋಡ್ರಿ. ಕೂಡ್ರಿ ಗಾಡ್ಯಾಗ. ನಡೆಸಿ ತೋರಸ್ರಿ. ನಡೆಸ್ಲಾಕ ಬಂದ್ರ ಒಯ್ರಿ, ಇಲ್ಲಾಂದ್ರ ಇಲ್ಲ."

ಬೀದರದಲ್ಲಿ ನನಗಿರುವುದು ಒಂದು ಬೆರಳಿಗೆ ತಿರುಗುವ ಪವರ್ ಸ್ಟೀರಿಂಗಿನ ಗಾಡಿ. ಇದರಲ್ಲಿ ಸ್ಟೀರಿಂಗು ತಿರುವಿದೆ, ಏನೂ ಆಗಲಿಲ್ಲ. ಇನ್ನಷ್ಟು ತಿರುವಿದೆ, ಒಮ್ಮೆಲೇ ಎಲ್ಲವೂ ಆಯಿತು. ಬೇವಿನ ಗಿಡ ನನ್ನ ಕಡೆ ಓಡಿ ಬಂತು. "ಬಿರಿಕಿ, ಬಿರಿಕಿ!" ಎಂದು ಪಕ್ಕದಲ್ಲಿದ್ದ ವೈಜಿನಾಥಪ್ಪ ಕೂಗಿದರು. ಬ್ರೇಕು ಒತ್ತಿ ನಿಂತಾಗ ಗಿಡಕ್ಕೂ ಗಾಡಿಗೂ ಒಂದು ಮೊಳ ಅಂತರ. "ಆ ಖಾಲಿ ಜಾಗದ ಜೋಡಿ ಜಗಳ ಆಡಬ್ಯಾಡ್ರಿ," ಎಂದರು ಅವರು, ಮೊದಲ ಸಲ ಮೆತ್ತಗೆ. "ಅದು ಇರ್ತದ. ಅದು ದಾಟಿದ ಮ್ಯಾಲೆ ಗಾಡಿ ನಿಮ್ಮ ಮಾತು ಕೇಳ್ತದ. ಕೈ ಸಡ್ಲ ಬಿಡ್ರಿ."

ಸಂತೆ ಬಯಲಿನಲ್ಲಿ ಹತ್ತು ಸುತ್ತು ಹಾಕಿಸಿದರು. ಕೊನೆಯದರಲ್ಲಿ ಅವರು ಕಣ್ಣು ಮುಚ್ಚಿದ್ದನ್ನು ಕಂಡು ಹೆದರಿ ಕೇಳಿದೆ, "ಯಾಕ್ರಿ ಕಾಕಾ?"

"ಏನಿಲ್ಲ. ಹಿಂಗ ಬಾಜು ಕೂತು ಎಂದೂ ತಿರುಗಿದ್ದಿಲ್ಲ ನಾ ಇದ್ರಾಗ," ಎಂದರು. ಮನೆಗೆ ಮರಳಿದ ಮೇಲೆ ಕಾಗದಪತ್ರ ಕೊಟ್ಟರು. ಕೀಲಿ ನನ್ನ ಕೈಯಲ್ಲೇ ಉಳಿಯಿತು. ನೀಲಮ್ಮ ಬಾನೆಟ್ಟಿಗೆ ಕುಂಕುಮ ಹಚ್ಚಿದರು.

ಸಂತಪುರ, ಠಾಣಾ ಕುಶನೂರ ಹಾದಿಯಾಗಿ ಭಾಲ್ಕಿಗೆ ನಲವತ್ತು ಕಿಲೋಮೀಟರಿನ ಮೇಲಿದೆ. ಬೇರೆಯವರು ಒಂದು ಗಂಟೆಯಲ್ಲಿ ಹೋಗುತ್ತಾರೆ, ನಾನು ಎರಡೂವರೆ ತಗೊಂಡೆ. ಸೈಕಲ್ಲಿನವನೊಬ್ಬ ನನ್ನನ್ನು ದಾಟಿ ಹೋಗಿ, ತಿರುಗಿ ನೋಡಿ, ಮರುಕದಿಂದ ಕೈ ಬೀಸಿದ. ಎದುರಿಗೆ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಯ ಮುಕ್ಕಾಲು ಹಿಡಿದುಕೊಂಡು ಬರುತ್ತಿದ್ದವು. ಮೊದಲನೆಯದಕ್ಕೆ ನಾನು ಗಾಡಿಯನ್ನು ಹೊಲದಲ್ಲೇ ಇಳಿಸಿಬಿಟ್ಟೆ. ಎರಡನೆಯದಕ್ಕೆ ಅರ್ಧ ಇಳಿಸಿದೆ. ಮಾಂಜ್ರಾ ದಾಟಿದ ಮೇಲೆ ಬಂದ ಮೂರನೆಯದಕ್ಕೆ, ಅದು ಇನ್ನೂ ದೂರವಿದ್ದಾಗಲೇ ಎರಡು ಬೆರಳು ತಿರುವಿ ಕಾದೆ. ಗಾಡಿ ತಾನಾಗಿ ಬದಿಗೆ ಸರಿಯಿತು. ಕಬ್ಬಿನ ತುದಿ ಗಾಜಿಗೆ ಸವರಿ ಹೋಯಿತು, ಅಷ್ಟೇ. ನಾನು ಗಾಡಿ ನಿಲ್ಲಿಸಿ ನೀರು ಕುಡಿದೆ. ಎರಡು ಲೀಟರೂ ಅಲ್ಲೇ ಮುಗಿಯಿತು.

ಭಾಲ್ಕಿಯಲ್ಲಿ ಅಕ್ಕ ಓಣಿಯ ತುದಿಗೇ ಬಂದು ನಿಂತಿದ್ದಳು. ಬೀಗರೆಲ್ಲ ಅವಳ ಹಿಂದೆ. ಅವಳು ನನ್ನನ್ನು ಇಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿ ಕೂತಳು. ನಾನು ಔರಾದಕ್ಕೆ ಫೋನು ಹಚ್ಚಿದೆ.

"ಮುಟ್ಟಿದ್ರೇನ್?" ಎಂದರು ವೈಜಿನಾಥಪ್ಪ.

"ಮುಟ್ಟಿದೆ ಕಾಕಾ. ಮುಂಜಾನಿ ನಾ ಆಡಿದ ಮಾತು..."

"ಏನರ ಕಡಿಮಿ ಬಿದ್ದದೇನ್ ನೋಡ್ರಿ ಗಾಡ್ಯಾಗ. ಪಟ್ಟಿ ಅದ ಅಲ್ಲ?" ಎಂದು ನಕ್ಕರು. ಆಮೇಲೆ, "ನಮ್ಮಾಕಿ ತಗಡಿನ ಬುಡಕ ಕಸ ಹೊಡದು ರಂಗೋಲಿ ಹಾಕ್ಯಾಳ. ಖಾಲಿ ಕಾಣಬಾರ್ದಂತ," ಎಂದರು.

ಊಟ ಮಾಡಿ ನಾಲ್ಕರ ಬಸ್ಸಿಗೆ ಹೊರಟೆ. ಅಕ್ಕನೇ ನಿಲ್ದಾಣಕ್ಕೆ ಬಿಟ್ಟಳು, ಕಾರಿನಲ್ಲಿ. ಬೀದರದ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿತು. ಬಸ್ಸು ಹೊರಳುವಾಗ ಗಾಜಿನಿಂದ ನೋಡಿದೆ. ಹಣ್ಣಿನ ಬಂಡಿಗಳು, ಆಟೋಗಳು, ಅಡ್ಡ ನಿಂತ ಒಂದು ಎಮ್ಮೆ, ಇವುಗಳ ನಡುವೆ ಅಕ್ಕ ಪದ್ಮಿನಿಯನ್ನು ಹೊರಗೆ ತೆಗೆಯುತ್ತಿದ್ದಳು. ನಾನು ಕೈ ಬೀಸಿದೆ. ಅವಳು ನನ್ನ ಕಡೆ ನೋಡಲಿಲ್ಲ. ಆ ಸ್ಟೀರಿಂಗಿನ ಮುಂದೆ ಕೂತವರಿಗೆ ರಸ್ತೆಯಿಂದ ಕಣ್ಣು ಕೀಳಲು ಪುರುಸೊತ್ತಿರುವುದಿಲ್ಲ. ಅದು ನನಗೆ ಗೊತ್ತಾದದ್ದು ಅವತ್ತೇ. ಆದರೂ ಅವಳು ಕಾಣುವಷ್ಟು ಹೊತ್ತೂ ಕೈ ಬೀಸುತ್ತಲೇ ಇದ್ದೆ.