ಪಂಪಿಗೆ ನೀರು ತುಂಬುವವಳು

ಮಸೂತಿ ಊರಿನ ಗುರಪ್ಪ ಸಾವಕಾರರ ತೋಟದ ಬಾವಿಗೆ ಡೀಸೆಲ್ ಇಂಜಿನ್ ಬಂದದ್ದು ಎಪ್ಪತ್ತೊಂದರಲ್ಲಿ. ಅಂದಿನಿಂದ ಅದನ್ನು ನಡೆಸಿದವನು ಮಾಳಿಂಗಪ್ಪ. ನೀರು ಆಳದಲ್ಲಿದ್ದುದರಿಂದ ಇಂಜಿನ್ನನ್ನೂ ಪಂಪನ್ನೂ ಬಾವಿಯೊಳಗಿನ ಕಲ್ಲುಕಟ್ಟೆಯ ಮೇಲೆಯೇ ಕೂರಿಸಿದ್ದರು. ಪಂಪಿನ ಹೊಟ್ಟೆಯಲ್ಲಿ ಗಾಳಿಯಿದ್ದರೆ ಅದು ನೀರೆಳೆಯುವುದಿಲ್ಲ, ಬರಿದೇ ತಿರುಗಿ ಸುಟ್ಟುಹೋಗುತ್ತದೆ. ಹಾಗಾಗಿ ಇಂಜಿನ್ ಹಚ್ಚುವ ಮೊದಲು ಪಂಪಿಗೇ ನೀರು ಕುಡಿಸಬೇಕು. ಹೆಂಡತಿ ಶೇವಂತೆವ್ವ ಮೆಟ್ಟಿಲಿಳಿದು ಕೊಡ ತುಂಬಿ ತರುವಳು. ಮಾಳಿಂಗಪ್ಪ ಪಂಪಿನ ನೆತ್ತಿಯ ಬಿರಡೆ ಬಿಚ್ಚಿ, ಗುಳ್ಳೆ ನಿಲ್ಲುವ ತನಕ ಸುರಿಯುವನು.

ಒಮ್ಮೆ ತುಂಬಿದರೆ ನೀರು ನಿಲ್ಲಬೇಕಿತ್ತು. ಆದರೆ ನೀರು ಕೆಳಗಿಳಿಯದಂತೆ ತಡೆಯುವ ತಳದ ಫುಟ್‌ವಾಲ್ವಿನ ಚರ್ಮ ಸವೆದು ಎಲ್ಲ ಸೋರಿಹೋಗುತ್ತಿತ್ತು. ಹೊಸದು ಬಾಗೇವಾಡಿಯಲ್ಲಿ ಸಿಗುತ್ತಿತ್ತು. "ಸಂತಿಗಿ ಹ್ವಾದಾಗ ತಂದ್ರಾತು" ಎನ್ನುತ್ತ ಮಾಳಿಂಗಪ್ಪ ಮೂರು ತಿಂಗಳು ತಳ್ಳಿದ.

ಅವನ ಮನಸ್ಸಿನಲ್ಲಿ ಬೇರೆಯೇ ಒಂದು ಚಿಂತೆಯಿತ್ತು. ಇಂಜಿನ್ನಿನ ಸದ್ದು ಬಾವಿಯ ಕಲ್ಲಿಗೆ ಬಡಿದು ವರ್ಷಗಟ್ಟಲೆ ಅವನ ಕಿವಿಗೇ ಬಿದ್ದು, ಕಿವಿ ಮಂದವಾಗುತ್ತ ಬಂದಿತ್ತು. ಕಿವುಡನ ಕೈಗೆ ಇಂಜಿನ್ ಯಾರು ಕೊಡುತ್ತಾರೆ? ಅವನು ಯಾರಿಗೂ ಹೇಳಲಿಲ್ಲ. ಪಂಪಿನ ಮೇಲೆ ಅಂಗೈಯಿಟ್ಟು ಅದರ ನಡುಕದಿಂದಲೇ ನೀರು ಏರುತ್ತಿದೆಯೋ ಇಲ್ಲವೋ ತಿಳಿಯುತ್ತಿದ್ದ. ಸಾವಕಾರರು ಮೇಲಿಂದ ಏನಾದರೂ ಕೂಗಿದರೆ ಶೇವಂತೆವ್ವ ಅವನೆದುರು ಬಂದು, "ಇವತ್ತ ಗೋದಿಗಿ ಬಿಡು ಅನ್ನಾಕತ್ತಾರ" ಎಂದು ತಾನೂ ಹೇಳುವಳು.

"ಎಲ್ಲಾ ಎರಡೆರಡ ಸಲ ಯಾಕ ಹೇಳ್ತಿ?" ಎಂದು ಅವನು ಗದರಿದ್ದೂ ಉಂಟು. ಅವಳು ನಕ್ಕು ಕೊಡ ಎತ್ತಿಕೊಳ್ಳುತ್ತಿದ್ದಳು.

ಎಪ್ಪತ್ತೈದರ ಸಂಕ್ರಾಂತಿಗೆ ಎರಡು ದಿನವಿತ್ತು. ಮುಂಜಾನೆ ಓಡುತ್ತಿದ್ದ ಪಂಪು ನಡುವೆಯೇ ಗಾಳಿ ಹಿಡಿಯಿತು. ಮಾಳಿಂಗಪ್ಪ ಇಂಜಿನ್ ನಿಲ್ಲಿಸಿ ಬಿರಡೆ ಬಿಚ್ಚಿದ. ಎರಡು ಕೊಡ ಸುರಿದದ್ದಾಯಿತು. ಶೇವಂತೆವ್ವ ಮೂರನೆಯದಕ್ಕೆ ಕೆಳಗಿಳಿದಳು. ಅವನು ಮೆಟ್ಟಿಲಿಗೆ ಬೆನ್ನು ಹಾಕಿ ನಟ್ಟು ಬಿಗಿಯುತ್ತ, ಕೊಡಕ್ಕೆಂದು ಒಂದು ಕೈ ಹಿಂದೆ ಚಾಚಿದ. ಕೊಡ ಬರಲಿಲ್ಲ. ಸಿಟ್ಟಾಗಿದ್ದಾಳೇನೋ ಅಂದುಕೊಂಡ. ಇನ್ನೂ ಸ್ವಲ್ಪ ಹೊತ್ತು ಕೈ ಚಾಚಿಯೇ ಇದ್ದ.

ತಿರುಗಿ ನೋಡಿದಾಗ ಕೊಡವೊಂದೇ ತೇಲುತ್ತಿತ್ತು.

ಅವನು ಹಾರಿದ. ಮುಳುಗಿ ಹುಡುಕಿ ಮೇಲಕ್ಕೆ ತಂದ. ಪಾಚಿಗಟ್ಟಿದ ಮೆಟ್ಟಿಲ ಮೇಲೆ ಜಾರಿದವಳ ತಲೆಗೆ ಕಲ್ಲು ಬಡಿದಿತ್ತು, ಉಸಿರಿರಲಿಲ್ಲ. ಬದುವಿನ ಮೇಲೆ ಕುರಿ ಮೇಯಿಸುತ್ತಿದ್ದ ಸಿದ್ರಾಮ ಓಡಿ ಬಂದು ಕೆಳಗಿಳಿದ.

"ಎರಡ ಸಲ ಒದರಿದ್ಲಲ್ಲೋ. ನನಗ ಅಲ್ಲೀತನಾ ಕೇಳ್ತು. ಬಾಜೂಕ ಇದ್ದ ನಿನಗ ಕೇಳಲಿಲ್ಲೇನು?"

ಮಾಳಿಂಗಪ್ಪ ಅವನ ತುಟಿಗಳನ್ನೇ ನೋಡಿದ. "ಇಲ್ಲ" ಎಂದ.

ಮಣ್ಣಾದ ಮರುದಿನ ಮಾಳಿಂಗಪ್ಪ, ದೇವರ ಹಿಪ್ಪರಗಿಯಿಂದ ಬಂದಿದ್ದ ಅವಳ ತಮ್ಮ ಧೂಳಪ್ಪನ ಕೈ ಹಿಡಿದು ಕೂತ. "ನನ್ನ ಕಿವಿ ಹೋಗಿ ಎರಡ ವರ್ಷಾತು, ಧೂಳಪ್ಪ. ಆಕಿಗೂ ಹೇಳಿದ್ದಿಲ್ಲ. ಹೇಳಿದ್ರ ಬದಕತಿದ್ಲೇನೋ."

ಧೂಳಪ್ಪ ಅವನ ಕಿವಿಯ ಹತ್ತಿರ ಬಾಯಿಟ್ಟು ಜೋರಾಗಿಯೇ ಹೇಳಬೇಕಾಯಿತು. ಮನೆತುಂಬ ಇದ್ದ ಮಂದಿಗೆಲ್ಲ ಅದು ಕೇಳಿಸಿತು. "ಅಕ್ಕಗ ಗೊತ್ತಿತ್ತು, ಮಾಂವಾ. ಹ್ವಾದ ಉಗಾದಿಗೆ ನಮ್ಮ ಮುಂದ ಹೇಳಿದ್ಲು. 'ನನಗ ಗೊತ್ತೈತಿ ಅಂತ ತಿಳಿದ್ರ ಅವ್ರ ಮನಸ್ಸಿಗಿ ನೋವಾಗ್ತೈತಿ, ಯಾರೂ ಬಾಯಿ ಬಿಡಬ್ಯಾಡ್ರಿ' ಅಂದಿದ್ಲು."

ಅಲ್ಲಿಯವರೆಗೆ ಅಳದಿದ್ದ ಮಾಳಿಂಗಪ್ಪ ಆಗ ಅತ್ತ.

ಸಾವಕಾರರು ಕೆಲಸ ಬಿಡಬೇಡವೆಂದರೂ ಅವನು ಮತ್ತೆ ಆ ಬಾವಿಗೆ ಇಳಿಯಲಿಲ್ಲ. ಧೂಳಪ್ಪನ ಜೊತೆ ಹಿಪ್ಪರಗಿಗೆ ಹೋಗಿ ಕುರಿ ಕಾಯತೊಡಗಿದ. ಹಾದಿಯಲ್ಲಿ ಹೊಸಬರು ಯಾರಾದರೂ ಮಾತಿಗೆ ನಿಂತರೆ, ಅವರು ಬಾಯಿ ತೆರೆಯುವ ಮೊದಲೇ ಅವನು ಹೇಳಿಬಿಡುತ್ತಿದ್ದ: "ನನಗ ಕಿವಿ ಕೇಳಂಗಿಲ್ರಿ. ಮುಂದ ಬಂದು ಮಾತಾಡ್ರಿ."