ಬಿಸಿಲು ಹುಡುಕಿ ಮೂರಂತಸ್ತು ಹತ್ತಿದವರು

ಹಪ್ಪಳದತ್ತಿಯ ಎಡಗೆನ್ನೆ ಬಲಗೆನ್ನೆಗಿಂತ ಕಪ್ಪಗಿತ್ತು. ವರ್ಷಾನುಗಟ್ಟಲೆ ಮಾಳಿಗೆಯ ಮೇಲೆ ಬಡಗಣಕ್ಕೆ ಮುಖ ಮಾಡಿ ಕೂತು, ಕೋಲು ಹಿಡಿದು, ಒಣಹಾಕಿದ ಹಪ್ಪಳ ಸಂಡಿಗೆಗಳನ್ನು ಗುಡ್ಡದ ಕೋತಿಗಳಿಂದ ಕಾಯ್ದಿದ್ದರ ಗುರುತು ಅದು. ಹೊತ್ತು ತಿರುಗಿದ ಮೇಲಿನ ಬಿಸಿಲೆಲ್ಲ ಅವರ ಎಡಕ್ಕೇ ಬೀಳುತ್ತಿತ್ತು. ನಾನು ಮದುವೆಯಾಗಿ ಸಿರುಗುಪ್ಪದಿಂದ ಬಳ್ಳಾರಿಗೆ ಬಂದ ಹೊಸದು. ಓಣಿಯೆಲ್ಲ ಹಪ್ಪಳದತ್ತಿ ಎನ್ನುತ್ತಿದ್ದ ಪಕ್ಕದ ಮನೆಯ ಈ ಹೆಂಗಸನ್ನು ನಾಲ್ಕು ದಿನ ನೋಡಿ, ತಡೆಯಲಾರದೆ ಕೇಳಿಯೇ ಬಿಟ್ಟೆ.

"ಅತ್ತಿ, ನಿಮ್ಮ ಮುಖ ಯಾಕ ಎಲ್ಡು ಬಣ್ಣ ಐತ್ರಿ?"

ಅವರು ಸಿಟ್ಟಾಗಲಿಲ್ಲ. "ಬಲಗಡಿದು ತವರುಮನಿ ಬಣ್ಣ, ಎಡಗಡಿದು ಬಳ್ಳಾರಿ ಬಣ್ಣ. ಇರು, ನಿನಗೂ ಹತ್ತತೈತಿ" ಎಂದು ನಕ್ಕರು. ಸೊಸೆ ಬಾಯಿ ಬಿಟ್ಟರೆ ಪ್ರಶ್ನೆಯೇ ಉದುರುತ್ತದೆ ಎಂದು ನನ್ನ ಅತ್ತೆ ಗೊಣಗುತ್ತಿದ್ದರು. ಅಂಥ ನನಗೆ, ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಒಬ್ಬರು ಸಿಕ್ಕಿದ್ದರು.

ಗಂಡ ತೀರಿಕೊಂಡ ಮೇಲೆ ಹಪ್ಪಳ ಸಂಡಿಗೆಯೇ ಅವರ ಅನ್ನ. ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಅವರ ಡಬ್ಬಿಗಳೇ ಹೋಗಬೇಕು. ಅವರ ಪುಟ್ಟ ಮಾಳಿಗೆಗೆ ಮೂಡಣದಲ್ಲಿ ದೊಡ್ಡದೊಂದು ಬೇವಿನ ಮರ ಅಡ್ಡ ನಿಂತಿತ್ತು. ಹಾಗಾಗಿ ಬೆಳಗಿನ ಬಿಸಿಲು ಇಲ್ಲ. ಮಧ್ಯಾಹ್ನ ಕಳೆದ ಮೇಲೆ ಬರುವ ಪಡುವಣದ ಬಿಸಿಲನ್ನೇ ನಂಬಿ ಅವರು ಬದುಕಿದ್ದರು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ಪಡುವಣಕ್ಕೇ ಒಬ್ಬ ಹತ್ತಿ ಸಾಹುಕಾರರು ಕಟ್ಟಡ ಎಬ್ಬಿಸಿದರು. ನಮ್ಮ ಬಜಾರಿನ ಕಡೆ ಅಲ್ಲಿಯವರೆಗೆ ಎರಡಂತಸ್ತು ಅಂದರೆ ದೊಡ್ಡಸ್ತಿಕೆ. ಇದು ಎರಡು ದಾಟಿ ಮೂರಕ್ಕೆ ಹೊರಟಾಗ ದಾರಿಹೋಕರೆಲ್ಲ ಬುಟ್ಟಿ ಇಳಿಸಿ, ಸೈಕಲ್ ನಿಲ್ಲಿಸಿ, ಕತ್ತೆತ್ತಿ ನೋಡುವವರೇ. ನಮ್ಮ ಮಾಳಿಗೆಯಿಂದ ಕೋಟೆ ಗುಡ್ಡದ ಒಂದು ಪಕ್ಕೆ ಕಾಣುತ್ತಿತ್ತು. ದಿನದಿಂದ ದಿನಕ್ಕೆ ಅದು ಗೋಡೆಯ ಹಿಂದೆ ಮರೆಯಾಯಿತು. ಅಷ್ಟು ಮೇಲೆ ಗಾಳಿ ತಣ್ಣಗಿರುತ್ತದೆಯೇ, ಅಲ್ಲಿ ನಿಂತವರಿಗೆ ಬೀದಿಯ ಮಾತು ಕೇಳಿಸುತ್ತದೆಯೇ ಎಂದು ನನಗೆ ಊಟ ಮಾಡುವಾಗಲೂ ಅದೇ ಯೋಚನೆ.

ಹಪ್ಪಳದತ್ತಿಯ ಕಣ್ಣು ಮಾತ್ರ ಕೆಳಗಿತ್ತು. ಕಟ್ಟಡದ ನೆರಳು ಎಲ್ಲಿಗೆ ಬಂತೋ ಅಲ್ಲಿ ಸಂಜೆಗೊಂದು ಹಂಚಿನ ಚೂರು ಇಡುತ್ತಿದ್ದರು. ಚೂರುಗಳು ಒಂದೊಂದೇ ಮುಂದೆ ಬಂದವು. ಓಣಿಯವರಿಗೆ ಖುಷಿಯೋ ಖುಷಿ. ಬಳ್ಳಾರಿಯಲ್ಲಿ ಪುಕ್ಕಟೆ ನೆರಳು ಯಾರಿಗೆ ಬೇಡ? ಅಷ್ಟರಲ್ಲಿ ಖಾನಾವಳಿಯಿಂದ ಒಂದು ಡಬ್ಬಿ ವಾಪಸು ಬಂತು. ಸಂಡಿಗೆ ಹುಳಿ ಹಿಡಿದಿತ್ತು, ಹಪ್ಪಳ ಎಣ್ಣೆಯಲ್ಲಿ ಅರಳದೆ ಮುದುಡುತ್ತಿತ್ತು. ಅವರು ಡಬ್ಬಿಯ ಮುಚ್ಚಳ ತೆಗೆದು ಮೂಸಿ, ಮತ್ತೆ ಮುಚ್ಚಿ, ಮೂಲೆಗೆ ಸರಿಸಿದರು. ಅವತ್ತು ಸಂಜೆ ಹೊಸ ಚೂರು ಇಡಲಿಲ್ಲ.

ಕಟ್ಟಡ ಮುಗಿದರೂ ಮೇಲಿನ ಅಂತಸ್ತಿಗೆ ಬಾಡಿಗೆಗೆ ಯಾರೂ ಬರಲಿಲ್ಲ. ಅಷ್ಟೆತ್ತರದ್ದು ಇವತ್ತಲ್ಲ ನಾಳೆ ಬೀಳುತ್ತದೆ ಎಂದು ಊರೆಲ್ಲ ಸುದ್ದಿ. ಒಂದು ದಿನ ಸಾಹುಕಾರರು ಎರಡನೇ ಅಂತಸ್ತಿನ ಕಿಟಕಿಯಲ್ಲಿ, ಸರಿಯಾಗಿ ನಮ್ಮ ಮಾಳಿಗೆಯ ಮಟ್ಟಕ್ಕೆ ಕಾಣಿಸಿಕೊಂಡರು. ಹಪ್ಪಳದತ್ತಿ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

"ಸಾವ್ಕಾರ್ರ, ನಿಮ್ಮ ನೆರಳಾಗ ನನ್ನ ಹಪ್ಪಳ ಕೆಡಾಕತ್ಯಾವ್ರಿ."

"ನೆರಳು ಬ್ಯಾಡ ಅನ್ನಾಕಿ ಬಳ್ಳಾರ್ಯಾಗ ನೀನೊಬ್ಬಾಕೀನ ನೋಡಮ್ಮ" ಎಂದು ಸಾಹುಕಾರರು ನಕ್ಕರು. "ಈಗೇನು, ಮ್ಯಾಲಿನ ಮಾಡಿ ಕೆಡವಂತೀಯೇನು?"

"ಯಾಕ್ರಿ ಕೆಡವೂದು? ನನ್ನ ಬಿಸಲು ನಿಮ್ಮ ಮಾಡಿ ಮ್ಯಾಲೆ ಹೋಗಿ ಕುಂತೈತಿ. ನಾನೂ ಅಲ್ಲಿಗೇ ಬರ್ತೀನಿ."

ಗಂಡಸರು ಓಡಾಡುವ ಮೆಟ್ಟಿಲು, ಹೆಂಗಸರು ಬುಟ್ಟಿ ಹೊತ್ತು ಹತ್ತಿದರೆ ಚಂದವಲ್ಲ ಎಂದು ಸಾಹುಕಾರರು ರಾಗ ಎಳೆದರು. ಹಪ್ಪಳದತ್ತಿ ಬಿಡಲಿಲ್ಲ. "ಬೀಳತೈತಿ ಅಂತ ಅಂಜಿ ಅಲ್ಲಿ ಓಡಾಡೋರ ಇಲ್ಲಲ್ರಿ! ನಾ ದಿನಾ ಮ್ಯಾಲೆ ಕುಂತಿದ್ದು ಮಂದಿ ನೋಡ್ಲಿ. ಮುದುಕಿ ಕುಂತ್ರೂ ಬೀಳವಲ್ದು, ಗಟ್ಟಿ ಐತಿ ಅಂತ ತಿಳೀತಾರ."

ಸಾಹುಕಾರರು ಗಲ್ಲ ಕೆರೆದುಕೊಂಡರು. ಮರುದಿನವೇ ಮಾಳಿಗೆಯ ಬೀಗದ ಕೈ ಬಂತು.

ಬುಟ್ಟಿ ಹೊರಲು ಅವರು ಕೇಳಿದ್ದು ನನ್ನನ್ನು. ನನ್ನ ಅತ್ತೆ ಹೌಹಾರಿದರು. "ಮನಿ ಸೊಸಿ ಊರ ಮಂದಿಗೆಲ್ಲ ಕಾಣೂ ಹಂಗ ಮ್ಯಾಲೆ ನಿಂದ್ರೂದಂದ್ರ?"

"ಆಕಿನ್ನ ನೋಡಾಕ ಮಂದಿ ಕತ್ತು ಎತ್ತಬೇಕವ್ವ. ಎತ್ತಿದ್ರ ಕಣ್ಣಿಗೆ ಬಿಸಲು ಹೊಡೀತೈತಿ. ಯಾರ್ ನೋಡ್ತಾರ, ಕಳ್ಸು!" ಎಂದರು ಹಪ್ಪಳದತ್ತಿ.

ಅತ್ತೆ ಗೊಣಗುತ್ತ ಒಳಗೆ ಹೋದರು. ನಾನು ಬುಟ್ಟಿ ಎತ್ತಿಕೊಂಡೆ.

ಮೊದಲ ದಿನ ಮೇಲೆ ಹೋದವಳೇ ಬುಟ್ಟಿ ಇಳಿಸಿ ಅಂಚಿನಿಂದ ಇಣುಕಿದೆ. ನಾವಿರುವ ಊರು ಹೀಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಒಂದಕ್ಕೊಂದು ಆತುಕೊಂಡ ಮಣ್ಣಿನ ಮಾಳಿಗೆಗಳು, ಯಾರದೋ ಮೆಣಸಿನಕಾಯಿ, ಯಾರದೋ ಕೌದಿ, ಆಚೆ ರೈಲಿನ ಹೊಗೆ. ಕೋಟೆ ಗುಡ್ಡ ಇಡಿಯಾಗಿ ಕಾಣುತ್ತಿತ್ತು. ಗಾಳಿ ತಣ್ಣಗಿರಲಿಲ್ಲ, ಕೆಳಗಿನಷ್ಟೇ ಸುಡುತ್ತಿತ್ತು; ಬೀದಿಯ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಹಪ್ಪಳದತ್ತಿ ಗಾರೆ ಗಚ್ಚಿನ ನೆಲದ ಮೇಲೆ ಬಟ್ಟೆ ಹಾಸಿ ನನ್ನ ಭುಜ ಹಿಡಿದು ಬಡಗಣಕ್ಕೆ ತಿರುಗಿಸಿದರು.

"ಅಕಾ ಅಲ್ಲಿ ಮಸಕ ಮಸಕ ಕಾಣತೈತಲ್ಲ, ಕುರುಗೋಡು ಗುಡ್ಡ. ಅದರಾಚಿಗೆ ನಿಮ್ಮ ಸಿರುಗುಪ್ಪ. ಅಳೂದಿದ್ರ ಈಗ ಅತ್ತುಬಿಡು, ಹಪ್ಪಳದ ಮ್ಯಾಲೆ ನೀರು ಬೀಳಬಾರದು."

ನಾನು ಅತ್ತುಬಿಟ್ಟೆ, ಆಮೇಲೆ ನಕ್ಕೆ. ಬಳ್ಳಾರಿ ನನ್ನ ಊರಾದದ್ದು ಅವತ್ತು. ವರ್ಷದೊಳಗೆ ಆ ಅಂತಸ್ತಿಗೆ ಒಬ್ಬ ವಕೀಲರು ಬಾಡಿಗೆಗೆ ಬಂದರು. ಹೋಗುವಾಗ ಬರುವಾಗ ಹಪ್ಪಳದತ್ತಿಗೆ ಕೈಮುಗಿಯುತ್ತಿದ್ದರು.

ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರುವ ಮಾತು ಎಲ್ಲರ ಬಾಯಲ್ಲಿದ್ದ ಕಾಲಕ್ಕೆ, ಸಾಹುಕಾರರ ಕಟ್ಟಡದ ಆಚೆ ಇನ್ನೊಬ್ಬರು ನಾಲ್ಕಂತಸ್ತು ಎಬ್ಬಿಸಿದರು. ನಮ್ಮ ಗಚ್ಚಿನ ಮೇಲೂ ನೆರಳು ಬಂತು. ಹಪ್ಪಳದತ್ತಿಯ ಮೊಣಕಾಲುಗಳು ಆಗಲೇ ಸೋತಿದ್ದವು; ಲಟ್ಟಿಸುವುದು, ಒಣಹಾಕುವುದು ಎಲ್ಲ ನನ್ನ ಪಾಲಿಗೆ ಬಂದಿತ್ತು. ಹಾಸಿಗೆಯಲ್ಲೇ ಇದ್ದು, ಹೊಸ ಕಟ್ಟಡದ ಕಿಟಕಿ ಎಂಥವು, ಬಣ್ಣ ಯಾವುದು ಎಂದು ಕೇಳುತ್ತಿದ್ದರು.

"ಮ್ಯಾಲಿಂದ ಇನ್ನೂ ದೂರ ಕಾಣತೈತೇನೋ! ನೀ ಹೋಗಿ ಮಾಳಿಗಿ ಕೇಳು."

"ನಾನ್ರೀ? ಯಾರೋ ಏನೋ, ಗುರುತಿಲ್ಲ ಪರಿಚಯಿಲ್ಲ."

"ನನಗೇನು ಸಾವ್ಕಾರ ಬೀಗನಾಗಿದ್ದನೇನು?"

ಆ ಬೇಸಿಗೆಯಲ್ಲೇ ಅವರು ಹೋದರು. ಹೆತ್ತ ತಾಯಿ ಹೋದಾಗಲೂ ನಾನು ಅಷ್ಟು ಅತ್ತಿರಲಿಲ್ಲ. ಇನ್ನು ಹಪ್ಪಳ ಗಿಪ್ಪಳ ಸಾಕು, ಮನೆಯೊಳಗೆ ಇರು ಎಂದರು ಅತ್ತೆ. ನನ್ನ ಯಜಮಾನರೂ ಹೂಂಗುಟ್ಟಿದರು. ಎರಡು ದಿನ ಒಳಗಿದ್ದೆ. ಮೂರನೆಯ ದಿನ ಖಾನಾವಳಿಯ ಹುಡುಗ ಖಾಲಿ ಡಬ್ಬಿ ತಂದು ಬಾಗಿಲಲ್ಲಿ ನಿಂತ. ಅವನನ್ನು ಅಲ್ಲೇ ನಿಲ್ಲಿಸಿ, ಸೆರಗು ಸರಿಮಾಡಿಕೊಂಡು, ಒಬ್ಬಳೇ ಹೊಸ ಕಟ್ಟಡಕ್ಕೆ ಹೋದೆ. ಅದರ ಯಜಮಾನ ಲೆಕ್ಕ ನೋಡುತ್ತ ಕೂತಿದ್ದವನು ತಲೆ ಎತ್ತಿದ.

"ಯಾರ ಮನಿಯವರಮ್ಮ ನೀವು?"

ಗಂಡನ ಮನೆತನದ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಲಿಲ್ಲ.

"ಹಪ್ಪಳ ಮಾಡಾಕಿರಿ ನಾನು" ಅಂದೆ.